ಹತ್ತು ವಾರದ ಮರಿಗಳಲ್ಲಿ ಹುಂಜ ಯಾವುದು, ಹೇಂಟೆ ಯಾವುದು? ಹೊಸತೊಡಕಿಗೆ ಮೊದಲು ತಿಳಿಯಬೇಕಾಗಿದೆ

ಹಿತ್ತಲಮನೆ, ಅರಕಲಗೂಡು

ಎಲ್ಲರಿಗೂ ನಮಸ್ಕಾರ. ಕೋಳಿ ಸಾಕಿ ಅನುಭವ ಇರುವವರು ದಯವಿಟ್ಟು ಉತ್ತರಿಸಿ. ಯುಗಾದಿಗೆ ಇನ್ನು 18 ದಿನ ಮಾತ್ರ ಉಳಿದಿದೆ.

ಡಿಸೆಂಬರ್ ಕೊನೆಯಲ್ಲಿ, ಮೊಪೆಡ್ಡಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಬಂದಿದ್ದ ಒಬ್ಬರಿಂದ 14 ಸ್ವರ್ಣಧಾರಾ ಮರಿ ಕೊಂಡೆ. ಆಗ ಅವು ವಾರದ ಮರಿಗಳು. ‘ಎಲ್ಲವೂ ಹೇಂಟೆಯೇ ಅಕ್ಕ, ಆರಿಸಿ ತಂದಿದ್ದೇನೆ’ ಎಂದು ಆಣೆ ಮಾಡಿ ಹೇಳಿದ್ದರು. ಒಂದನ್ನು ಹದ್ದು ಎತ್ತಿಕೊಂಡು ಹೋಯಿತು, ಒಂದು ಜನವರಿಯ ಚಳಿಗೆ ಸತ್ತಿತು. ಉಳಿದ 12ಕ್ಕೆ ಈಗ ಹತ್ತು ವಾರ. ಇವುಗಳ ಜೊತೆಗೆ ನಮ್ಮ ನಾಟಿ ಹೇಂಟೆ ತಾನೇ ಕಾವು ಕೂತು ಎಬ್ಬಿಸಿದ ಐದು ಮರಿಗಳಿವೆ, ಅವಕ್ಕೆ ಎಂಟು ವಾರ. ಆ ಐದರಲ್ಲಿ ಒಂದು ಬೋಳುಕತ್ತಿನದು.

ಎಲ್ಲವೂ ಹೇಂಟೆಯಲ್ಲ ಎನ್ನುವುದು ಈಗ ನನಗೇ ಗೊತ್ತಾಗುತ್ತಿದೆ. ಹೊಸತೊಡಕಿಗೆ ಎದುರುಮನೆಯವರು ಎರಡು, ಅತ್ತೆಯ ತವರಿನವರು ಎರಡು ಹುಂಜ ಹೇಳಿಟ್ಟಿದ್ದಾರೆ. ನಮ್ಮ ಮನೆಗೂ ಒಂದು ಬೇಕು. ಹುಂಜ ಕೊಡುವುದಕ್ಕೆ ನನಗೆ ಸಂಕಟವಿಲ್ಲ. ಆದರೆ ಹೇಂಟೆಯೊಂದು ತಪ್ಪಿ ಹೋಗಬಾರದು. ಮನೆಯ ಮೊಟ್ಟೆ ಮಗಳಿಗೂ ಮಾವನವರಿಗೂ ದಿನಾ ಸಿಗಲಿ ಎಂದೇ ಇವುಗಳನ್ನು ತಂದದ್ದು. ರಾತ್ರಿ ಎರಡು ಸಲ ಎದ್ದು ಬಲ್ಬು ಉರಿಯುತ್ತಿದೆಯೇ ಎಂದು ನೋಡಿ ಬೆಳೆಸಿದ ಮರಿಗಳು.

ಮಗಳು ಏಳನೆಯ ತರಗತಿ. ಒಂದೊಂದರ ಕಾಲಿಗೂ ಒಂದೊಂದು ಬಣ್ಣದ ಉಲ್ಲನ್ ದಾರ ಕಟ್ಟಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಕೆಂಪು ದಾರದ್ದು ಜುಟ್ಟು ದೊಡ್ಡದು, ರಕ್ತಗೆಂಪು, ಕಾಲು ದಪ್ಪ. ಅದು ಹುಂಜ ಎನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ನೀಲಿ ದಾರದ್ದಕ್ಕೂ ಜುಟ್ಟು ಕೆಂಪಾಗಿದೆ, ಕೆಂಪು ದಾರದಷ್ಟಲ್ಲ, ಆದರೆ ಸ್ವಭಾವ ಬಲು ಜೋರು. ಅತ್ತೆ ಇದನ್ನೂ ಹುಂಜದ ಲೆಕ್ಕಕ್ಕೆ ಸೇರಿಸಿದ್ದಾರೆ. ಹಸಿರು ದಾರದ್ದು ಜುಟ್ಟು ಚಿಕ್ಕದು, ಬಣ್ಣ ಮಾಸಲು, ಕಾಳು ಹಾಕಿದರೆ ಎಲ್ಲರದ್ದೂ ಆದ ಮೇಲೆ ಬರುತ್ತದೆ. ಅದು ಹೇಂಟೆ ಎಂದು ಎಲ್ಲರೂ ಹೇಳುತ್ತಾರೆ. ಬೋಳುಕತ್ತಿನದಕ್ಕೆ ಮಗಳು ಗೌರಿ ಎಂದು ಹೆಸರಿಟ್ಟಿದ್ದಾಳೆ, ಅದು ಏನೆಂದು ಯಾರಿಗೂ ತಿಳಿಯುತ್ತಿಲ್ಲ.

ಇದುವರೆಗೆ ಒಂದೂ ಕೂಗಿಲ್ಲ. ಕೂಗುವವರೆಗೆ ಕಾಯಲು ಸಮಯವೂ ಇಲ್ಲ. ಏನು ನೋಡಿ ತೀರ್ಮಾನಿಸಲಿ?


ತೋಟದ ಹುಡುಗ, ಕುಣಿಗಲ್

ಅಕ್ಕ, ಸಂಜೆ ಕಾಳು ಹಾಕುವಾಗ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಕತ್ತಿನ ಗರಿ ನಿಮಿರಿಸಿ, ಎದೆಗೆ ಎದೆ ಕೊಟ್ಟು ನಿಲ್ಲುವವು ಹುಂಜ. ಇನ್ನೊಂದು ಉಪಾಯವಿದೆ: ಅವುಗಳ ತಲೆಯ ಮೇಲೆ ಒಮ್ಮೆಲೇ ಟವೆಲ್ ಬೀಸಿ. ಹದ್ದು ಬಂತೆಂದು ಹೇಂಟೆಗಳು ನೆಲಕ್ಕೆ ಅಡಗುತ್ತವೆ, ಹುಂಜ ಕತ್ತೆತ್ತಿ ನಿಲ್ಲುತ್ತದೆ. ನನ್ನ 20 ಗಿರಿರಾಜ ಮರಿಗಳನ್ನು ಹೀಗೆಯೇ ಬೇರೆ ಮಾಡಿದೆ. ಹೆಚ್ಚಿನವು ಸರಿಯಾಗಿದ್ದವು. ನೀವು ಬರೆದಿರುವುದನ್ನು ನೋಡಿದರೆ ನೀಲಿ ದಾರ ಹುಂಜವೇ, ಅನುಮಾನ ಬೇಡ.


ಕಾಫಿ ಹಿತ್ತಲು, ಕೊಪ್ಪ

ತಂಗಿ, ನೀಲಿ ದಾರದ್ದನ್ನು ಯಾರಿಗೂ ಕೊಡಬೇಡಿ. ಅದರ ಬೆನ್ನಿನ ಗರಿ ನೋಡುವ ತನಕ ಅದು ನಿಮ್ಮ ಗೂಡಿನಲ್ಲೇ ಇರಲಿ.

ನಾನು ಈ ಮನೆಗೆ ಸೊಸೆಯಾಗಿ ಬಂದು 38 ವರ್ಷ. ಒಡ್ಡಿಯಲ್ಲಿ ಕೋಳಿ ಇಲ್ಲದ ವರ್ಷ ಒಂದೂ ಇಲ್ಲ. ಅಷ್ಟು ಅನುಭವ ಇದ್ದೂ ಒಂದು ಸಲ ತಪ್ಪು ಮಾಡಿದ್ದೇನೆ, ಅದನ್ನು ಹೇಳಿದರೆ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದು ನಿಮಗೆ ಅರ್ಥವಾಗುತ್ತದೆ. ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಗಿರಿರಾಜ ತಳಿಯ ಐದು ತಿಂಗಳ ಕೋಳಿಯೊಂದಿತ್ತು. ಮೈ ಭಾರಿ, ಜುಟ್ಟು ದಾಸವಾಳದ ಕೆಂಪು. ಹಠಾತ್ತನೆ ನೆಂಟರು ಬಂದರು. ‘ಅದೊಂದು ಕೂಗದ ಹುಂಜ, ಅದನ್ನೇ ಹಿಡಿಯಿರಿ’ ಎಂದು ನಾನೇ ಬೆರಳು ತೋರಿಸಿದೆ. ಅದನ್ನು ಕೊಯ್ದು ಹೊಟ್ಟೆ ಬಿಡಿಸಿದಾಗ ಒಳಗೆ ಹಳದಿಯ ಗೊಂಚಲು ಕಂಡಿತು. ಒಂದು ನಿಂಬೆಹಣ್ಣಿನಷ್ಟು, ಅದರ ಪಕ್ಕದ್ದು ನೆಲ್ಲಿಕಾಯಿಯಷ್ಟು, ಆಮೇಲೆ ಕಡಲೆಯಷ್ಟು, ಕೊನೆಗೆ ಸಾಸಿವೆಯ ಹಾಗೆ ಲೆಕ್ಕವಿಲ್ಲದಷ್ಟು. ಮಾರನೆಯ ದಿನವೋ ಅದರ ಮರುದಿನವೋ ಮೊದಲ ಮೊಟ್ಟೆ ಇಡಬೇಕಿದ್ದ ಹೇಂಟೆ ಅದು. ಮೊಟ್ಟೆಗೆ ಬರುವ ಹೊತ್ತಿಗೆ ಹೇಂಟೆಯ ಜುಟ್ಟೂ ಕೆಂಪೇರುತ್ತದೆ ಎಂದು ನನಗೆ ಗೊತ್ತಿತ್ತು. ದಪ್ಪ ಮೈ ನೋಡಿ ಮರೆತುಬಿಟ್ಟೆ. ಆ ದಿನ ನನಗೆ ಅನ್ನ ಇಳಿಯಲಿಲ್ಲ.

ಅಂದಿನಿಂದ ನಾನು ಜುಟ್ಟನ್ನು ನೆಚ್ಚುವುದಿಲ್ಲ. ಬೆನ್ನಿನ ಗರಿಯನ್ನು ಮಾತ್ರ ನೆಚ್ಚುತ್ತೇನೆ.

ಕತ್ತಲಾದ ಮೇಲೆ, ಎಲ್ಲ ಗೂಡು ಸೇರಿ ಕಾಲು ಗಂಟೆ ಕಳೆದ ನಂತರ ಹೋಗಿ. ಕೋಳಿಗೆ ರಾತ್ರಿ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಿಡಿದರೂ ಗಾಬರಿ ಬೀಳುವುದಿಲ್ಲ. ಎಡಗೈಯನ್ನು ಎದೆಯ ಕೆಳಗೆ ಕೊಟ್ಟು, ಎರಡು ಕಾಲನ್ನೂ ಬೆರಳ ಸಂದಿಯಲ್ಲಿ ಹಿಡಿದು, ತಲೆ ನಿಮ್ಮ ಮೊಣಕೈ ಕಡೆಗೆ ಬರುವ ಹಾಗೆ ತೊಡೆಯ ಮೇಲೆ ಕೂರಿಸಿಕೊಳ್ಳಿ. ಮಗಳು ಟಾರ್ಚ್ ಹಿಡಿಯಲಿ. ಬೆನ್ನು ಮುಗಿದು ಬಾಲ ಶುರುವಾಗುವುದಕ್ಕೆ ಮೊದಲು ನಾಲ್ಕು ಬೆರಳಗಲದ ಜಾಗ ಇದೆಯಲ್ಲ, ಅಲ್ಲಿನ ಗರಿಯನ್ನು ಒಂದೊಂದಾಗಿ ತೋರುಬೆರಳಿನ ಮೇಲೆ ಹರವಿ ನೋಡಿ. ಹೇಂಟೆಯದಾದರೆ ತುದಿ ನಿಮ್ಮ ಹೆಬ್ಬೆರಳ ಉಗುರಿನ ಹಾಗೆ ದುಂಡಗಿರುತ್ತದೆ, ಅಂಚು ಕತ್ತರಿಸಿಟ್ಟಂತೆ ನುಣ್ಣಗಿರುತ್ತದೆ. ಹುಂಜದ್ದಾದರೆ ಗರಿ ಸಪೂರ, ತುದಿ ಭತ್ತದ ಎಲೆಯಂತೆ ಚೂಪು, ಅಂಚಿನ ಎಳೆಗಳು ಬಿಡಿಬಿಡಿಯಾಗಿ, ಟಾರ್ಚಿನ ಬೆಳಕಿಗೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ.

ಹತ್ತು ವಾರಕ್ಕೆ ಬೆನ್ನೆಲ್ಲ ಹೊಸ ಗರಿ ಬಂದಿರುವುದಿಲ್ಲ. ಹಳೆಯ ಮರಿಗರಿಯ ನಡುವೆ ಹೊಸದು ಎರಡೋ ಮೂರೋ ಇಣುಕಿರುತ್ತದೆ. ಹುಡುಕಬೇಕಾದ್ದು ಅದನ್ನೇ. ಮರಿಗರಿ ಎರಡಕ್ಕೂ ಒಂದೇ ತರಹ ಇರುತ್ತದೆ, ಅದನ್ನು ನೋಡಿ ‘ದುಂಡಗಿದೆ, ಹೇಂಟೆ’ ಎಂದುಬಿಡಬೇಡಿ. ಹೊಸ ಗರಿಯ ಬುಡ ನೀಲಿ ಕೊಳವೆಯ ಹಾಗಿರುತ್ತದೆ, ಅದರಲ್ಲಿ ರಕ್ತ ಓಡುತ್ತಿರುತ್ತದೆ. ಕಿತ್ತು ನೋಡುವ ಆಸೆ ಬೇಡ, ಅದಕ್ಕೆ ನೋವಾಗುತ್ತದೆ, ರಕ್ತವೂ ಬರುತ್ತದೆ.

ಕತ್ತಿನ ಗರಿಯಲ್ಲೂ ಇದೇ ವ್ಯತ್ಯಾಸ ಇದೆ. ಆದರೆ ಹೇಂಟೆಯ ಕತ್ತಿನ ಗರಿಯೂ ಸ್ವಲ್ಪ ಚೂಪಾಗಿಯೇ ಇರುವುದರಿಂದ ಹೊಸಬರಿಗೆ ಮೋಸವಾಗುತ್ತದೆ. ನಿಮ್ಮ ಗೌರಿಗಂತೂ ಕತ್ತಿನಲ್ಲಿ ಗರಿಯೇ ಇಲ್ಲ, ಬೆನ್ನೊಂದೇ ದಾರಿ. ಎಂಟು ವಾರ ತೀರ ಬೇಗ. ಇನ್ನೊಂದು ತಿಂಗಳು ಅದರ ತಂಟೆಗೆ ಹೋಗಬೇಡಿ.

ಇನ್ನೊಂದು ಮಾತು. ಉಲ್ಲನ್ ದಾರವನ್ನು ವಾರಕ್ಕೊಮ್ಮೆ ಬಿಚ್ಚಿ ಸಡಿಲವಾಗಿ ಕಟ್ಟಲು ಮಗಳಿಗೆ ಹೇಳಿ. ಈ ವಯಸ್ಸಿನಲ್ಲಿ ಕಾಲು ದಿನದಿನಕ್ಕೆ ದಪ್ಪವಾಗುತ್ತದೆ. ದಾರ ತೊಗಲೊಳಗೆ ಇಳಿದು ಪಾದ ಊದಿಕೊಂಡ ಮರಿಯನ್ನು ನಾನು ಕಂಡಿದ್ದೇನೆ.

ಮುಂದೆ ಕಾವು ಕೂರಿಸುವಾಗ ಯಾರಾದರೂ ‘ಗುಂಡು ಮೊಟ್ಟೆ ಇಡು, ಹೇಂಟೆ ಬರುತ್ತದೆ’ ಎಂದರೆ ಅದಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ನನ್ನ ತಾಯಿ ಹಾಗೆ ನಂಬಿದ್ದರು, ಹತ್ತು ವರ್ಷ ನಾನೂ ಆರಿಸಿ ಆರಿಸಿ ಇಟ್ಟೆ. ಹುಟ್ಟಿದ್ದು ಹೆಚ್ಚು ಕಡಿಮೆ ಅರ್ಧ ಅರ್ಧವೇ.


ನಿವೃತ್ತ ಪಶುವೈದ್ಯ, ತುಮಕೂರು

ಕೊಪ್ಪದ ಅಮ್ಮನವರು ಅನುಭವದಿಂದ ಕಂಡುಕೊಂಡದ್ದು ಶಾಸ್ತ್ರಕ್ಕೂ ಸರಿಹೋಗುತ್ತದೆ. ಕಾರಣ ತಿಳಿದರೆ ನಿಮಗೆ ಧೈರ್ಯ ಬರುತ್ತದೆ ಎಂದು ಬರೆಯುತ್ತಿದ್ದೇನೆ.

ಜುಟ್ಟು ಬೆಳೆಯುವುದು ಗಂಡು ಹಾರ್ಮೋನಿನಿಂದ. ಆ ಹಾರ್ಮೋನು ಹೇಂಟೆಯಲ್ಲೂ ಸ್ವಲ್ಪ ಇರುತ್ತದೆ, ಮೊಟ್ಟೆಗೆ ಬರುವಾಗ ಹೆಚ್ಚುತ್ತದೆ, ಆದ್ದರಿಂದ ಅದರ ಜುಟ್ಟೂ ಕೆಂಪಾಗುತ್ತದೆ. ಇತ್ತ ಹುಂಜವೇ ಆಗಿದ್ದರೂ ಹುಳುವಿನ ಬಾಧೆ ಇದ್ದರೆ, ಮೇವು ಸಾಲದಿದ್ದರೆ, ದೊಡ್ಡ ಹುಂಜದ ಹೆದರಿಕೆಯಲ್ಲಿ ಬದುಕುತ್ತಿದ್ದರೆ ಜುಟ್ಟು ಚಿಕ್ಕದಾಗಿ ಮಾಸಲಾಗಿ ಉಳಿಯುತ್ತದೆ. ಹೀಗಾಗಿ ಜುಟ್ಟು ನಿಮಗೆ ಕೋಳಿಯ ಸ್ಥಿತಿಗತಿಯನ್ನು ಹೇಳುತ್ತದೆ, ಲಿಂಗವನ್ನು ಅರ್ಧ ಮಾತ್ರ ಹೇಳುತ್ತದೆ. ನಿಮ್ಮ ಹಸಿರು ದಾರದ ಬಗ್ಗೆ ನನಗೆ ಅನುಮಾನವಿದೆ, ಅದರ ಬೆನ್ನನ್ನು ಮೊದಲು ನೋಡಿ.

ಗರಿಯ ಕಥೆ ಬೇರೆ. ಕೋಳಿಯ ಬೆನ್ನಿನ ಗರಿಯನ್ನು ದುಂಡಗೆ ಮಾಡುವುದು ಹೆಣ್ಣು ಹಾರ್ಮೋನು. ಅದು ಇಲ್ಲದಿದ್ದರೆ ಗರಿ ತಾನಾಗಿಯೇ ಚೂಪಾಗಿ ಬೆಳೆಯುತ್ತದೆ. ಬೀಜ ತೆಗೆದ ಹುಂಜವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ: ಜುಟ್ಟು ಸುಕ್ಕಿ ಬಿಳಿಚಿಕೊಳ್ಳುತ್ತದೆ, ಆದರೆ ಗರಿ ಹುಂಜದ್ದಾಗಿಯೇ ಉಳಿಯುತ್ತದೆ. ಹೇಂಟೆಗೆ ಕೆಲಸ ಮಾಡುವ ಅಂಡಾಶಯ ಎಡಗಡೆಯದು ಒಂದೇ. ರೋಗದಿಂದ ಅದು ಕೆಟ್ಟರೆ ಮುಂದೆ ಬರುವ ಗರಿ ಹುಂಜದ ತರಹ ಬರುತ್ತದೆ, ಕೆಲವೊಮ್ಮೆ ಅದು ಕೂಗಲೂ ತೊಡಗುತ್ತದೆ. ಹೇಂಟೆ ಕೂಗಿದರೆ ಮನೆಗೆ ಕೇಡು ಎಂದು ಹಳ್ಳಿಗಳಲ್ಲಿ ಹೆದರುತ್ತಾರೆ. ನಾನು ಕಂಡ ಅಂಥ ಎರಡು ಕೋಳಿಗಳಲ್ಲಿ ಕೆಟ್ಟಿದ್ದು ಅಂಡಾಶಯ, ಮನೆಯಲ್ಲ.

ಕುಣಿಗಲ್ಲಿನ ಹುಡುಗ ಹೇಳಿದ ಎದೆಗೆ ಎದೆ ಕೊಡುವ ಆಟವನ್ನು ಹೇಂಟೆಮರಿಗಳೂ ಆಡುತ್ತವೆ. ಯಾರು ಮೊದಲು ತಿನ್ನಬೇಕು ಎನ್ನುವುದನ್ನು ಅವೂ ಜಗಳವಾಡಿಯೇ ತೀರ್ಮಾನಿಸಿಕೊಳ್ಳುವುದು. ಜೋರಿನ ಸ್ವಭಾವವನ್ನು ನೋಡಿ ಹುಂಜ ಎನ್ನಲಾಗದು.

ವಾರದ ಮರಿಯನ್ನು ಕಣ್ಣಿನಿಂದ ನೋಡಿ ‘ಎಲ್ಲ ಹೇಂಟೆ’ ಎಂದು ಹೇಳಲು ಆಗುವುದಿಲ್ಲ. ಸ್ವರ್ಣಧಾರಾ ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು 2005ರಲ್ಲಿ ಬಿಡುಗಡೆಯಾದ ತಳಿ. ಹಿತ್ತಲಿಗೆ ಬರುವ ಇಂಥ ಮರಿಗಳು ಸಾಮಾನ್ಯವಾಗಿ ಗಂಡು ಹೆಣ್ಣು ಬೆರೆತೇ ಬರುತ್ತವೆ. ಒಂದು ದಿನದ ಮರಿಯ ಗುದದ್ವಾರವನ್ನು ಬಿಡಿಸಿ, ಒಳಗಿನ ಗುಂಡುಸೂಜಿ ತಲೆಯಷ್ಟು ಉಬ್ಬನ್ನು ನೋಡಿ ಲಿಂಗ ಹೇಳುವ ವಿದ್ಯೆ ಇದೆ. ಅದನ್ನು 1920ರ ದಶಕದಲ್ಲಿ ಜಪಾನಿನವರು ಬೆಳೆಸಿದರು. ಕಲಿಯಲು ತುಂಬ ಅಭ್ಯಾಸ ಬೇಕು, ಕೈ ತಪ್ಪಿದರೆ ಮರಿ ಸಾಯುತ್ತದೆ, ಮನೆಯಲ್ಲಿ ಪ್ರಯತ್ನಿಸಬೇಡಿ. ರೆಕ್ಕೆಯ ಗರಿಯ ಉದ್ದ ನೋಡಿ ಹೇಳುವ ಕ್ರಮವೂ ಇದೆ, ಆದರೆ ಅದಕ್ಕೆಂದೇ ಜೋಡಿ ಮಾಡಿದ ತಳಿಗಳಲ್ಲಿ ಮಾತ್ರ ಅದು ನಿಜವಾಗುತ್ತದೆ.

ಮೊಟ್ಟೆಯ ಆಕಾರಕ್ಕೂ ಮರಿಯ ಲಿಂಗಕ್ಕೂ ಸಂಬಂಧವಿಲ್ಲ. ಹಕ್ಕಿಗಳಲ್ಲಿ ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನವಾಗುವುದು ತಾಯಿಯ ಕಡೆಯಿಂದ, ಅದೂ ಸಿಪ್ಪೆ ಮೂಡುವುದಕ್ಕಿಂತ ಎಷ್ಟೋ ಮೊದಲೇ.

ಕೇಳದೆಯೇ ಒಂದು ಮಾತು: ಕೊಕ್ಕರೆ ರೋಗಕ್ಕೆ ಆರ್‌2ಬಿ ಲಸಿಕೆ ಹಾಕಿಸಿದ್ದೀರಾ? ಎಂಟರಿಂದ ಹತ್ತು ವಾರದ ಒಳಗೆ ಹಾಕಿಸಬೇಕು. ಬೇಸಿಗೆಯಲ್ಲಿ ಆ ರೋಗ ಬಂದರೆ ಹುಂಜ ಹೇಂಟೆ ಎಂದು ನೋಡದೆ ಗೂಡನ್ನೇ ಬರಿದು ಮಾಡುತ್ತದೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.


ಹಿತ್ತಲಮನೆ, ಅರಕಲಗೂಡು

ಅಕ್ಕ, ಡಾಕ್ಟರೇ, ನಿಮ್ಮಿಬ್ಬರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಏಳೂವರೆಗೆ ಶುರು ಮಾಡಿ ಒಂಬತ್ತರವರೆಗೆ ನೋಡಿದೆವು. ನಾನು ಹಿಡಿದೆ, ಮಗಳು ಟಾರ್ಚ್ ಹಿಡಿದು ಬರೆದುಕೊಂಡಳು, ಅತ್ತೆ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು.

ಮೊದಲು ಕೆಂಪು ದಾರ. ಬಾಲದ ಬುಡದಲ್ಲಿ ಆರೇಳು ಹೊಸ ಗರಿ, ನೀವು ಹೇಳಿದ ಹಾಗೆಯೇ ಸಪೂರವಾಗಿ ಇಟ್ಟಿಗೆ ಬಣ್ಣಕ್ಕೆ ಹೊಳೆಯುತ್ತಿದ್ದವು. ಒಮ್ಮೆ ಅದನ್ನು ಕಂಡ ಮೇಲೆ ಕಣ್ಣಿಗೆ ಅಂದಾಜು ಸಿಕ್ಕಿತು. ಆಮೇಲೆ ನೀಲಿ ದಾರವನ್ನು ತೊಡೆಯ ಮೇಲಿಟ್ಟುಕೊಂಡೆ. ಮೂರು ಹೊಸ ಗರಿ ಸಿಕ್ಕಿದವು, ಮೂರೂ ದುಂಡಗಿದ್ದವು. ಅತ್ತೆ ನಂಬಲಿಲ್ಲ. ಕನ್ನಡಕ ತರಿಸಿ, ಗರಿಯನ್ನು ತಾವೇ ಬೆರಳ ಮೇಲೆ ಹರವಿ, ಕೆಂಪು ದಾರದ್ದನ್ನು ಮತ್ತೆ ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ಏನೂ ಹೇಳದೆ ನೀಲಿ ದಾರವನ್ನು ತಾವೇ ಎತ್ತಿಕೊಂಡು ಹೋಗಿ ಗೂಡಿಗೆ ಬಿಟ್ಟು ಬಂದರು.

ಹಸಿರು ದಾರ ಹುಂಜ! ಜುಟ್ಟು ಕಡಲೆಬೇಳೆಯಷ್ಟಿದೆ, ಆದರೆ ಬೆನ್ನಿನಲ್ಲಿ ಚೂಪು ಗರಿ ನಾಲ್ಕಿವೆ. ಮೈ ಮುಟ್ಟಿದರೆ ಎದೆಯ ಮೂಳೆ ಕೈಗೆ ಒತ್ತುತ್ತದೆ. ಉಳಿದವು ಇದರ ಪಾಲಿಗೆ ಕಾಳು ಬಿಡುತ್ತಿಲ್ಲ ಎಂದು ಈಗ ತಿಳಿಯಿತು. ಇವತ್ತಿನಿಂದ ಮಗಳು ಅದಕ್ಕೆ ಬೇರೆ ತಟ್ಟೆ ಇಟ್ಟಿದ್ದಾಳೆ.

ಲೆಕ್ಕ ಹೀಗಿದೆ: 12ರಲ್ಲಿ ಐದು ಖಂಡಿತ ಹುಂಜ, ನಾಲ್ಕು ಖಂಡಿತ ಹೇಂಟೆ, ಮೂರರಲ್ಲಿ ಹೊಸ ಗರಿ ಸ್ಪಷ್ಟವಾಗಿ ಕಾಣಲಿಲ್ಲ. ನಾಟಿ ಮರಿಗಳನ್ನು ಮುಟ್ಟಲಿಲ್ಲ. ಎರಡರ ಕಾಲಿನ ದಾರ ಬಿಗಿಯಾಗಿತ್ತು, ತೊಗಲಿನ ಮೇಲೆ ಗೆರೆ ಬಿದ್ದಿತ್ತು, ಕತ್ತರಿಸಿ ಹೊಸದು ಕಟ್ಟಿದೆವು. ಲಸಿಕೆ ಹಾಕಿಸಿರಲಿಲ್ಲ. ಗುರುವಾರ ಬನ್ನಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ.


ತೋಟದ ಹುಡುಗ, ಕುಣಿಗಲ್

ಅಕ್ಕ, ನಾನು ಅನುಮಾನ ಬೇಡ ಎಂದು ಬರೆದದ್ದು ತಪ್ಪಾಯಿತು, ಕ್ಷಮಿಸಿ. ನಿನ್ನೆ ನಾನೂ ನನ್ನ ಈ ಸಲದ ಮರಿಗಳನ್ನು ಹಿಡಿದು ನೋಡಿದೆ. ಹುಂಜ ಎಂದು ಬೇರೆ ಗೂಡಿಗೆ ಹಾಕಿದ್ದ ಒಂಬತ್ತರಲ್ಲಿ ಎರಡರ ಬೆನ್ನು ದುಂಡು ಗರಿಯದು. ವಾಪಸು ಬಿಟ್ಟಿದ್ದೇನೆ. ನನ್ನಲ್ಲಿ ಕಡಕ್‌ನಾಥ್ ನಾಲ್ಕಿವೆ, ಜುಟ್ಟೇ ಕಪ್ಪು, ಇಷ್ಟು ದಿನ ಅವುಗಳ ವಿಷಯದಲ್ಲಿ ಏನೂ ತಿಳಿಯುತ್ತಿರಲಿಲ್ಲ. ಅವುಗಳ ಬೆನ್ನು ನೋಡಿದ ಮೇಲೆ ಸಲೀಸಾಯಿತು. ಹುಂಜದ ಹೊಸ ಗರಿಗೆ ಹಸಿರು ಮಿಂಚು ಇದೆ.


ಕಾಫಿ ಹಿತ್ತಲು, ಕೊಪ್ಪ

ತಂಗಿ, ಆ ಮೂರನ್ನು ಹಬ್ಬಕ್ಕೆ ಎರಡು ದಿನ ಇರುವಾಗ ಮತ್ತೆ ಹಿಡಿದು ನೋಡಿ, ಹನ್ನೆರಡು ವಾರಕ್ಕೆ ತಿಳಿಯುತ್ತದೆ. ಹಸಿರು ದಾರವನ್ನು ಈ ಹಬ್ಬಕ್ಕೆ ಕೊಡಬೇಡಿ. ಎದೆಮೂಳೆ ಒತ್ತುವ ಕೋಳಿಯನ್ನು ಕೊಟ್ಟರೆ ತಿಂದವರಿಗೂ ತೃಪ್ತಿ ಇರುವುದಿಲ್ಲ, ಸಾಕಿದವರಿಗೂ ಇರುವುದಿಲ್ಲ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.


ಹಿತ್ತಲಮನೆ, ಅರಕಲಗೂಡು

ಜೂನ್ ಮೂರನೆಯ ವಾರದಲ್ಲಿ ಮತ್ತೆ ಬರೆಯುತ್ತಿದ್ದೇನೆ. ಅಂದು ಸಹಾಯ ಮಾಡಿದವರಿಗೆ ಮುಂದೇನಾಯಿತು ಎಂದು ಹೇಳದೆ ಇರಲು ಮನಸ್ಸಾಗಲಿಲ್ಲ.

ಅನುಮಾನದ ಮೂರರಲ್ಲಿ ಒಂದು ಹುಂಜ, ಎರಡು ಹೇಂಟೆ. ಅಲ್ಲಿಗೆ ಆರು ಹುಂಜ, ಆರು ಹೇಂಟೆ. ಹೊಸತೊಡಕಿಗೆ ಐದು ಹೋದವು, ಐದೂ ಹುಂಜವೇ ಎಂದು ತಿಂದವರೂ ಹೇಳಿದರು. ಹಸಿರು ದಾರವನ್ನು ಉಳಿಸಿಕೊಂಡೆವು. ಕೆಂಪು ದಾರ ಹೋದ ಮೇಲೆ ಮೂರೇ ವಾರದಲ್ಲಿ ಅದರ ಜುಟ್ಟು ಎದ್ದು ಕೆಂಪಾಗಿದ್ದನ್ನು ನೋಡಬೇಕಿತ್ತು! ಡಾಕ್ಟರು ಬರೆದಿದ್ದನ್ನು ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಪ್ರತಿ ಭಾನುವಾರ ಜುಟ್ಟಿನ ಉದ್ದವನ್ನು ಸ್ಕೇಲಿನಲ್ಲಿ ಅಳೆದಿದ್ದಾಳೆ. ಮೇ ತಿಂಗಳಲ್ಲಿ ಅದನ್ನು ನನ್ನ ಅಕ್ಕನ ಮನೆಗೆ ಕೊಟ್ಟೆ, ಅಲ್ಲಿ ಹೇಂಟೆಗಳಿವೆ, ಹುಂಜ ಇರಲಿಲ್ಲ.

ಕೊಡಲು ಕಾರಣ ಗೌರಿ. ಏಪ್ರಿಲ್ ಕೊನೆಯಲ್ಲಿ ಒಂದು ಬೆಳಗಿನ ಜಾವ ಗೂಡಿನಿಂದ ಒಡಕು ದನಿಯಲ್ಲಿ ಯಾರೋ ಕೆಮ್ಮಿದಂತೆ ಕೇಳಿಸಿತು. ಎದ್ದು ಹೋಗಿ ನೋಡಿದರೆ ಗೌರಿ ಬೋಳು ಕತ್ತನ್ನು ಚಾಚಿ ನಿಂತಿತ್ತು. ಬೆನ್ನು ನೋಡಿ ಹತ್ತು ದಿನದ ಹಿಂದೆಯೇ ನನಗೆ ತಿಳಿದಿತ್ತು, ಮಗಳಿಗೆ ಹೇಳಿರಲಿಲ್ಲ. ಅವಳು ಎರಡು ದಿನ ಮುಖ ಸಣ್ಣದು ಮಾಡಿಕೊಂಡಳು, ಆಮೇಲೆ ಹೆಸರು ಬದಲಿಸುವುದಿಲ್ಲ ಎಂದು ಹಟ ಹಿಡಿದಳು. ಗೌರಿಯೇ ಈಗ ನಮ್ಮ ಹಿತ್ತಲಿನ ಹುಂಜ.

ಇನ್ನು ನೀಲಿ ದಾರ. ಕಳೆದ ವಾರ ಬೆನ್ನ ಮೇಲೆ ಕೈ ಇಟ್ಟರೆ ರೆಕ್ಕೆ ಅಗಲಿಸಿ ಕುಗ್ಗಿ ಕೂರತೊಡಗಿತು. ಸೋಮವಾರ ಬೆಳಿಗ್ಗೆ ಸೌದೆ ಒಟ್ಟಿಲಿನ ಸಂದಿಗೆ ಹೋಗಿ ಒಂದು ಗಂಟೆ ಕಾಣಿಸಲಿಲ್ಲ. ಅತ್ತೆಯೇ ಹುಡುಕಿ ತಂದರು. ತಿಳಿ ಕಂದು ಬಣ್ಣದ ಸಣ್ಣ ಮೊಟ್ಟೆ, ಸಿಪ್ಪೆಯ ಮೇಲೆ ಒಂದು ಗೆರೆ ರಕ್ತ. ಸೆರಗಿನಲ್ಲಿ ಒರೆಸಿ ಮೊಮ್ಮಗಳ ಕೈಗೆ ಕೊಟ್ಟರು. ಅವಳು ಪೆನ್ಸಿಲ್ಲಿನಿಂದ ಅದರ ಮೇಲೆ ತಾರೀಖು ಬರೆದು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಾಳೆ, ಬೇಯಿಸಲು ಬಿಡುತ್ತಿಲ್ಲ. ಇವತ್ತಿಗೆ ಐದು ಮೊಟ್ಟೆಯಾಗಿದೆ.

ಅಕ್ಕ, ಒಂದು ಪ್ರಶ್ನೆ. ನಾಟಿ ಹೇಂಟೆ ಮತ್ತೆ ಕಾವಿಗೆ ಬಂದ ಹಾಗಿದೆ. ನೀಲಿ ದಾರದ ಮೊಟ್ಟೆಯನ್ನು ಅದರಡಿ ಇಡಬಹುದೇ?


ಕಾಫಿ ಹಿತ್ತಲು, ಕೊಪ್ಪ

ಓದಿ ಕಣ್ಣು ತುಂಬಿ ಬಂತು ತಂಗಿ. ಮೊದಮೊದಲ ಮೊಟ್ಟೆ ಬೇಡ, ಚಿಕ್ಕದಿರುತ್ತವೆ, ಮರಿಯೂ ಬಡಕಲಾಗುತ್ತದೆ. ಒಂದು ತಿಂಗಳು ಕಳೆದು ಮೊಟ್ಟೆ ದಪ್ಪವಾದ ಮೇಲೆ ಇಡಿ. ಸ್ವರ್ಣಧಾರಾ ಮಿಶ್ರತಳಿ, ಗೌರಿ ನಾಟಿ, ಹುಟ್ಟುವ ಮರಿಗಳು ತಾಯಿಯಷ್ಟು ಮೊಟ್ಟೆ ಕೊಡುತ್ತವೆ ಎಂದು ನೆಚ್ಚಿಕೊಳ್ಳಬೇಡಿ. ಈಗ ಕಾವಿಗೆ ಬಂದಿರುವುದಕ್ಕೆ ಅದರದೇ ಮೊಟ್ಟೆ ಇಡಿ. ಮಳೆಗಾಲ, ಶೀತ ಹೆಚ್ಚು, ಒಂಬತ್ತಕ್ಕಿಂತ ಹೆಚ್ಚು ಬೇಡ. ಬುಟ್ಟಿಯ ಅಡಿಗೆ ಒಣ ಬೂದಿ ಹರಡಿ, ಅದರ ಮೇಲೆ ಹುಲ್ಲು ಹಾಕಿ, ಹೇನು ಹತ್ತುವುದಿಲ್ಲ. ಇಟ್ಟ ದಿನವನ್ನು ಮಗಳು ಬರೆದಿಟ್ಟುಕೊಳ್ಳಲಿ, 21 ದಿನ.